ಕೊರಳಿಗೊಂದು ಗಂಟೆ

"ಕುತ್ತಿಗೆ ಬಗ್ಗಿಸೇ ಮುಂಡೇದೆ! ಹೂವಿನ ಹಾರ ಹಾಕ್ತಾರೆ ಅಂತ ನಾಚ್ಕೊಂಡು ನಿಂತಿದೀಯಾ?"

ಮೇಸ್ತ್ರಿ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಹಗ್ಗಕ್ಕೆ ದನದ ಕೊರಳಿಗೆ ಕಟ್ಟುವಂಥ ಹಿತ್ತಾಳೆ ಗಂಟೆ, ಅದರ ಪಕ್ಕದಲ್ಲೇ ಪಾಯಿಖಾನೆಯ ಬೀಗದ ಕೀಲಿ. ದೊಡ್ಡ ಹೋಟೆಲುಗಳ ಬಿಳಿ ಹೊದಿಕೆಗಳೆಲ್ಲ ತೊಳೆಸಿಕೊಳ್ಳಲು ಬಂದು ಬೀಳುವ ಲಾಂಡ್ರಿ ಅದು. ಸಾಲು ಮೇಜುಗಳ ಹಿಂದೆ ಇಸ್ತ್ರಿ ಮಾಡುತ್ತಿದ್ದ ಹೆಂಗಸರು ಯಾರೂ ತಲೆ ಎತ್ತಲಿಲ್ಲ.

"ಸೇರಿದ ದಿನವೇ ಉಚ್ಚೆ ಬಂತಾ ಮಹಾರಾಣಿಗೆ? ಕೇಳಿಸ್ಕೋ. ಹೋಗ್ತಾ ಗಂಟೆ ಬಾರಿಸ್ಬೇಕು, ಒಳಗೆ ಕೂತಾಗ್ಲೂ ಬಾರಿಸ್ತಾ ಇರ್ಬೇಕು. ಸದ್ದು ನಿಂತ್ರೆ ನಿದ್ದೆ ಹೊಡೀತಿದೀಯ ಅಂತ ಅರ್ಥ. ನಾನೇ ಬಂದು ಎಬ್ಬಿಸ್ತೀನಿ."

ತನ್ನ ಮಾತಿಗೆ ತಾನೇ ನಕ್ಕ. ಹೆಂಗಸರೂ ನಕ್ಕರು. ನಗದಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತು.

ಇದೆಲ್ಲ ಹೀಗೇ ಇರುತ್ತದೆಂದು ಹೊಸಬಳಿಗೆ ಅವಳ ಅಕ್ಕ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಗೋಡೆ ಪಕ್ಕದ ಹಾಸಿಗೆಯಿಂದ, ಬಾತುಕೊಂಡ ಮುಖ ಎತ್ತಿ, ಒಂದೊಂದಾಗಿ ಹೇಳಿದ್ದಳು. "ನೀರು ಕುಡೀಬೇಡ, ಮೊದ್ಲು ಅದು. ಅವ್ನು ತಮಾಷೆ ಮಾಡಿದ್ರೆ ನಗು, ಬೈದ್ರೂ ನಗು. ಇಸ್ತ್ರಿಪೆಟ್ಟಿಗೆ ಯಾವತ್ತೂ ಮುಖ ಅಡಿ ಮಾಡಿ ಇಡ್ಬೇಡ, ಹಿಮ್ಮಡಿ ಮೇಲೆ ಎತ್ತಿ ನಿಲ್ಸು. ಕಂದು ಕಲೆ ಬಿದ್ರೆ ಹೊದಿಕೆ ಹಾಳಾದ ಹಾಗೇನೇ. ಕೀಲಿ ಮಾತ್ರ ಕೇಳ್ಬೇಡ ಕಣೇ. ತಡ್ಕೋ."

"ನೀನು ತಡ್ಕೊಂಡೆಯಲ್ಲ, ಏನಾಯ್ತು?"

ಅಕ್ಕ ಗೋಡೆಯ ಕಡೆ ಹೊರಳಿದಳು.

ತಡೆದು ತಡೆದು ಅಕ್ಕನ ಮೂತ್ರಪಿಂಡ ಕೆಟ್ಟಿತ್ತು. ಒಂದು ದಿನ ಮೇಜಿನ ಮುಂದೆ ನಿಂತಲ್ಲೇ ಆಗಿಹೋಯಿತು. ಮೇಸ್ತ್ರಿ ಅವಳ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಸಿ, ಅದರಲ್ಲೇ ನೆಲ ಒರೆಸಿಸಿದ. ಒರೆಸಿದ ಮೇಲೆ ಅದನ್ನೇ ಮತ್ತೆ ಕಟ್ಟಿಕೋ ಎಂದ. ಅಕ್ಕ ಕಟ್ಟಿಕೊಂಡಳು, ಸಂಜೆಯವರೆಗೂ ಕೆಲಸ ಮಾಡಿದಳು, ಮನೆಗೆ ಬಂದು ಮಲಗಿದವಳು ಆಮೇಲೆ ಎದ್ದಿಲ್ಲ. ನೀರು ಕುಡಿದರೇ ಉಳಿಯುತ್ತೀಯ ಎಂದು ಡಾಕ್ಟರು ಗದರಿದರೂ ಲೋಟ ಕಂಡರೆ ಹೆದರುತ್ತಾಳೆ. ಗಂಟಲು ನೆನೆಯುವಷ್ಟು ಕುಡಿದು ದೂರ ಸರಿಸುತ್ತಾಳೆ.

ಅವಳ ಮೇಜು ಖಾಲಿಯಿದೆ ಎಂದು ತಿಳಿದು ತಂಗಿ ಹೋಗಿ ನಿಂತಳು. ಯಾರ ತಂಗಿ ಎಂದು ಮೇಸ್ತ್ರಿ ಕೇಳಲಿಲ್ಲ, ಇವಳು ಹೇಳಲಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬಂದಿದ್ದಳು.

ಈಗ ಕುತ್ತಿಗೆ ಬಗ್ಗಿಸಿದಳು. ಹಗ್ಗ ಬಿತ್ತು. ಮೇಜುಗಳ ನಡುವೆ ಗಂಟೆ ಬಾರಿಸುತ್ತ ನಡೆದಳು. ಮೈಯೆಲ್ಲ ಉರಿಯುತ್ತಿತ್ತು. ಹೀಗೆ ನಡೆಯುವುದಕ್ಕೆ ಹೆದರಿಯೇ ಅಕ್ಕ ಇಷ್ಟು ವರ್ಷ ತಡೆದುಕೊಂಡಳಲ್ಲ ಎಂದು ನೆನೆದಾಗ ಆ ಉರಿ ಗಟ್ಟಿಯಾಗಿ ಎದೆಯಲ್ಲಿ ಕೂತಿತು.

ಬೀಗ ತೆಗೆದು ಒಳಗೆ ಹೋದಳು, ಬಾರಿಸುತ್ತಲೇ ಮುಗಿಸಿದಳು. ಹೊರಗೆ ಬಂದು ಬಾಗಿಲು ಮುಂದೆ ಮಾಡಿ, ಪಕ್ಕದ ನೀರಿನ ಡ್ರಮ್ಮಿನ ಹಿಂದೆ ನಿಂತಳು. ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

ಸದ್ದು ನಿಂತಿತು. ತುಸು ಹೊತ್ತಿಗೆ ಅವನ ಚಪ್ಪಲಿ ಸದ್ದು ಕೇಳಿತು.

"ಎದ್ದೇಳೇ ಬೇವರ್ಸಿ! ಇದೇನು ನಿಮ್ಮಪ್ಪನ ಮನೇನಾ?" ಬಾಗಿಲು ಒದ್ದು ಒಳಗಿನ ಅಡ್ಡಗೋಡೆಯ ಆಚೆಗೆ ನುಗ್ಗಿದ.

ಅವಳು ಬಾಗಿಲೆಳೆದಳು. ಚಿಲಕ ಹಾಕಿ ಬೀಗ ಒತ್ತಿದಳು.

"ಏಯ್! ಯಾವಳೇ ಅವ್ಳು? ತೆಗಿಯೇ ಬಾಗ್ಲು! ಚರ್ಮ ಸುಲಿದು ಬಿಡ್ತೀನಿ!"

"ಗಂಟೆ ಬಾರಿಸು ಮೇಸ್ತ್ರಿ. ಬಾರಿಸ್ದೆ ಇದ್ರೆ ನಿದ್ದೆ ಮಾಡ್ತಿದೀಯ ಅಂದ್ಕೋತೀವಿ."

"ಯಾರೇ ನೀನು?"

"ನೆಲ ಒರೆಸಿದ ಬಟ್ಟೇನ ಯಾರ ತಲೆಗೆ ಕಟ್ಟಿಸ್ದೆ, ನೆನಪು ಮಾಡ್ಕೋ. ಪುರುಸೊತ್ತಾಗಿ ನೆನಪು ಮಾಡ್ಕೋ."

ಒಳಗಿನಿಂದ ಬಾಗಿಲಿಗೆ ಗುದ್ದು ಶುರುವಾಯಿತು.

ಅವಳು ಗಂಟೆ ಬಾರಿಸುತ್ತ ತನ್ನ ಮೇಜಿಗೆ ಮರಳಿದಳು. ಬಿಸಿ ಪೆಟ್ಟಿಗೆ ತೆಗೆದು, ಬಿಳಿ ಹೊದಿಕೆಯ ನಟ್ಟ ನಡುವೆ ಮುಖ ಅಡಿಯಾಗಿ ಮಲಗಿಸಿದಳು.

ಪಕ್ಕದ ಮೇಜಿನ ಮುದುಕಿಗೆ ಎಲ್ಲರೂ ಗೊಣಗಮ್ಮ ಅನ್ನುತ್ತಿದ್ದರು. ಅವಳು ಹೌಹಾರಿದಳು. "ಅಯ್ಯೋ ನಿನ್ನ! ಪೆಟ್ಟಿಗೆ ಬೋರಲು ಬಿದ್ದಿದೆ ಕಣೇ!"

"ಗೊತ್ತು."

"ಅಲ್ಲಿ ಬಾಗ್ಲು ಬಡೀತಿರೋದು ಯಾರೇ?"

"ಮೇಸ್ತ್ರಿ."

"ಕೀಲಿ?"

ಅವಳು ಕೊರಳಲ್ಲಿದ್ದ ಗಂಟೆ ಅಲ್ಲಾಡಿಸಿದಳು. ಗೊಣಗಮ್ಮ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ಆ ಮೂಗು, ಆ ಗಲ್ಲ ಯಾರದೆಂದು ಅವಳಿಗೆ ಹೊಳೆಯಿತು.

"ನನ್ ಕೈಯೂ ಬಿದ್ದೋಗ್ತಿದೆ ಕಣ್ರಮ್ಮಾ," ಎಂದು ಗೊಣಗಿದಳು. "ಈ ಹಾಳು ಪೆಟ್ಟಿಗೆ ಎಷ್ಟು ಅಂತ ಎತ್ಕೊಂಡಿರ್ಲಿ?" ತನ್ನದನ್ನೂ ಬೋರಲು ಹಾಕಿದಳು.

ಆಮೇಲೆ ಅವಳ ಆಚೆಯವಳು. ಅದರಾಚೆಯವಳು. ಒಬ್ಬಳು ಅಳುತ್ತಲೇ ಹಾಕಿದಳು, ಇನ್ನೊಬ್ಬಳು ಬೋಳಿಮಗನೇ ಎಂದು ಬೈದು ಹಾಕಿದಳು. ಸುಟ್ಟ ಬಟ್ಟೆಯ ವಾಸನೆ ಹಾಲ್ ತುಂಬಿತು. ಹೊದಿಕೆ ಹೊದಿಕೆಯ ಮೇಲೂ ಇಸ್ತ್ರಿಪೆಟ್ಟಿಗೆಯ ಕಪ್ಪು ಗುರುತು ಮೂಡಿದ ಮೇಲೆ ಗೊಣಗಮ್ಮನೇ ಹೋಗಿ ದೊಡ್ಡ ಸ್ವಿಚ್ಚು ಕೆಳಕ್ಕೆಳೆದಳು.

ಯಂತ್ರಗಳೆಲ್ಲ ನಿಂತವು. ಪಾಯಿಖಾನೆಯ ಕಡೆಯಿಂದ ಕೂಗು ಬಂತು: "ಲೈಟ್ ಹೋಯ್ತು ಕಣ್ರೇ! ತಾಯಂದಿರಾ, ಯಾರಾದ್ರೂ ಬನ್ರೇ!"

ಅವತ್ತು ತಾಯಂದಿರು ಯಾರೂ ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದರು.

ಗಂಟೆಯ ಸದ್ದು ಬೀದಿಯಲ್ಲಿ ಕೇಳಿದಾಗಲೇ ಅಕ್ಕ ಬೆಚ್ಚಿ ಎದ್ದು ಕೂತಿದ್ದಳು. ತಂಗಿ ಕೊರಳಿನ ಹಗ್ಗ ಬಿಚ್ಚಿ ಅವಳ ತೊಡೆಯ ಮೇಲೆ ಇಟ್ಟಳು.

"ಒಳಗಿದ್ದಾನೆ. ಬಾಗ್ಲು ಯಾವಾಗ ತೆಗೀಬೇಕು ಅಂತ ನೀನೇ ಹೇಳು."

ಅಕ್ಕ ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುಷ್ಟಿ ಮುಚ್ಚಿದಳು.

"ನೀರು ಕೊಡು," ಎಂದಳು.

ತಂಗಿ ಎಂದಿನಂತೆ ಕಾಲು ಲೋಟ ಬಗ್ಗಿಸಿದಳು.

"ತುಂಬ ಹಾಕೇ."

ಬೀದಿಯ ತುದಿಯಲ್ಲಿ ಲಾಂಡ್ರಿಯವರದೋ ಪೊಲೀಸರದೋ, ಯಾವುದೋ ಜೀಪು ಬಂದು ನಿಂತ ಸದ್ದಾಯಿತು. ಅಕ್ಕ ಲೋಟ ತುಟಿಗಿಟ್ಟು ನಿಧಾನವಾಗಿ, ಗುಟುಕು ಗುಟುಕಾಗಿ, ತಳ ಕಾಣುವವರೆಗೂ ಕುಡಿದಳು. ಲೋಟ ಮತ್ತೆ ಮುಂದೆ ಚಾಚಿದಳು.

"ಇನ್ನೊಂದು."