ಬೀಗದ ಕೈ

ನಮ್ಮ ನರ್ಸಿಂಗ್ ಶಾಲೆಯಲ್ಲಿ ಮೂರು ಕೈಗಳಿದ್ದವು. ಒಂದು ರಬ್ಬರಿನ ಕೈ. ಇನ್ನೊಂದು ಬೀಗದ ಕೈ. ಮೂರನೆಯದು ಯಲ್ಲಮ್ಮನ ಕೈ.

ರಬ್ಬರಿನ ಕೈಯನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಒಳ್ಳೆ ಬೆಳ್ಳಗಿನ ಕೈ. ಗ್ಲೂಕೋಸ್ ಬಾಟ್ಲಿ ಏರಿಸಲು ಸೂಜಿ ಚುಚ್ಚಿ ಕಲಿಯಲೆಂದೇ ತರಿಸಿದ ಡಮ್ಮಿ. ಆದರೆ ಚುಚ್ಚಿದರೆ ತೂತಾಗುತ್ತದಲ್ಲ! ಸೆಕ್ರೆಟರಿ ಸೋಮಶೇಖರಪ್ಪನವರಿಗೆ ಅದನ್ನು ನೋಡಲಾಗದು. ಪಾಪ, ಹೆಂಗರುಳು. ಪಾಠ ಮಾಡುವ ಪಂಕಜಾಕ್ಷಿ ಮೇಡಂ ಕೇಳಿದಾಗಲೆಲ್ಲ, "ಬೀಗದ ಕೈ ಎಲ್ಲಿಟ್ನೋ ಕಣ್ರೀ, ಹುಡುಕ್ತೀನಿ" ಎನ್ನುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಅದು ತಾನಾಗಿ ಸಿಗುತ್ತಿತ್ತು. ರಬ್ಬರಿನ ಕೈಗೆ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಮುಂದೆ ಬೂದುಗುಂಬಳ ಒಡೆಸುತ್ತಿದ್ದರು. ಆ ಚೂರುಗಳನ್ನು ಬಾಚಿ ಎತ್ತುತ್ತಿದ್ದವಳು ಯಲ್ಲಮ್ಮ.

ಯಲ್ಲಮ್ಮ ಎಮ್ಮೆದೊಡ್ಡಿ ಕಡೆಯವಳು. ಕಡೂರಿನ ನಮ್ಮ ಶಾಲೆಯಲ್ಲಿ ಕಸ ಗುಡಿಸಿ ನೆಲ ಒರೆಸುವವಳು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಅವಳ ಕೈಯ ನರಗಳು ಉಬ್ಬಿ ಕಾಣುತ್ತಿದ್ದವು. ಅದೇ ಅವಳ ಗ್ರಹಚಾರ.

"ಎಂಥಾ ನರ ಕಣ್ರೀ ಇವಳ್ದು! ಕಣ್ ಮುಚ್ಕೊಂಡ್ ಹಾಕಿದ್ರೂ ಸಿಗುತ್ತೆ" ಎಂದು ಸೆಕ್ರೆಟರಿ ಒಂದು ದಿನ ಕಂಡುಹಿಡಿದರು. ದೊಡ್ಡ ಸಂಶೋಧನೆ. ಅವತ್ತಿನಿಂದ ಪ್ರಾಕ್ಟಿಕಲ್ ಕ್ಲಾಸೆಂದರೆ, "ಲೇ, ಡಮ್ಮೀನ ಕರೀರಿ!" ಯಲ್ಲಮ್ಮ ಬಕೆಟ್ಟನ್ನು ಬಾಗಿಲಲ್ಲಿಟ್ಟು, ಸೆರಗು ಸಿಕ್ಕಿಸಿ, ಬೆಂಚಿನ ಮೇಲೆ ಕೂರುತ್ತಿದ್ದಳು. ಕೆಲಸ ಮುಗಿದ ಮೇಲೆ ಎರಡು ಬಾಳೆಹಣ್ಣು.

ಡಮ್ಮಿ ಅಂದರೆ ಆಯಾ, ವಾರ್ಡನ್ ಇದ್ದ ಹಾಗೆ ಒಂದು ಹುದ್ದೆ ಎಂದು ಅವಳು ತಿಳಿದಿದ್ದಳು. ನನ್ನ ಹತ್ತಿರವೇ ಹೇಳಿದ್ದಳು: "ನಂಗೂ ಒಂದು ಪೋಸ್ಟ್ ಸಿಕ್ತು ಕಣೇ ಸಂಗೀತಾ. ಡಮ್ಮಿ ಕೆಲ್ಸ ಚೆನ್ನಾಗ್ ಮಾಡಿದ್ರೆ ಪರ್ಮನೆಂಟ್ ಮಾಡ್ತಾರಂತೆ." ನಾನು ತಿದ್ದಲಿಲ್ಲ. ನನಗೂ ಕಲಿಯಬೇಕಿತ್ತಲ್ಲ.

ನಾವು ಹದಿನೆಂಟು ಹುಡುಗಿಯರು. ನಾನು ಯಗಟಿಯವಳು, ಉಳಿದವರು ತರೀಕೆರೆ, ಅಜ್ಜಂಪುರ ಕಡೆಯವರು. ಒಬ್ಬೊಬ್ಬರೂ ಮೂರು ಸಲ ಸೂಜಿ ಹಾಕಿ, ಪ್ರತಿ ಸಲವೂ ಅಭ್ಯಾಸದ ಪುಸ್ತಕದಲ್ಲಿ 'ಡಮ್ಮಿ ಮೇಲೆ ಅಭ್ಯಾಸ ಮುಗಿದಿದೆ' ಎಂಬಲ್ಲಿ ಸಹಿ ಮಾಡಬೇಕು. ಮೊದಲ ಸಲ ನನ್ನ ಸೂಜಿ ನರ ಸೀಳಿ ಆಚೆ ಹೋಯಿತು. ಅವಳ ಕೈ ಬುರ್ರನೆ ಊದಿತು. ನನಗೆ ಅಳು ಬಂತು.

"ಅಳಬ್ಯಾಡ ಮಗಾ, ಇನ್ನೊಂದ್ಸಲ ಹಾಕು. ನಾಳೆ ಯಾವ್ದೋ ಕೂಸಿಗೆ ಹಾಕೋವಾಗ ಹಿಂಗ್ ನಡುಗಿದ್ರೆ ಆಯ್ತದಾ?" ಎಂದಳು. ನನ್ನ ಕೈ ನಡುಕ ಬಿಡಿಸಿದವಳು ಅವಳು.

ಎರಡೇ ತಿಂಗಳಲ್ಲಿ ಯಲ್ಲಮ್ಮನ ಬಲಗೈ ಕೆಂಪಗೆ ಬಾತುಕೊಂಡಿತು. ನರ ಹಗ್ಗದಂತೆ ಗಟ್ಟಿಯಾಯಿತು. ಬಟ್ಟೆ ಹಿಂಡಲು ಆಗದೆ ನೆಲದ ಮೇಲೆ ನೀರು ನಿಲ್ಲತೊಡಗಿತು. ಸೋಮಶೇಖರಪ್ಪನವರು ಕಾಲು ಜಾರಿ ಬೀಳುವುದರಲ್ಲಿದ್ದರು. "ಏನೇ ಇದು? ಬಲಗೈ ಹೋದ್ರೆ ಎಡಗೈ ಇಲ್ವಾ?" ಎಂದರು. ಎಷ್ಟು ಕಾಳಜಿ!

ಆ ವಾರವೇ ತಪಾಸಣೆಗೆ ಒಬ್ಬ ಅಧಿಕಾರಿ ಬಂದ. ಎಳನೀರು ಹೀರುತ್ತಾ, "ಡಮ್ಮಿ ಎಲ್ರೀ? ತನ್ನಿ ನೋಡೋಣ" ಎಂದ.

ಸೆಕ್ರೆಟರಿ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಬಕೆಟ್ ಇಟ್ಟ ಸದ್ದು. "ಬಂದೆ ಸಾಮಿ." ಯಲ್ಲಮ್ಮ ಒಳಗೆ ಬಂದು ಕೈ ಚಾಚಿದಳು. "ಬಲಗೈ ಕೆಟ್ಟೋಗೈತೆ ಸಾಮಿ. ಎಡಗೈಗೆ ಹಾಕ್ಸಿ."

"ಹಳ್ಳಿಯೋಳು ಸಾರ್, ತಲೆ ಸರಿ ಇಲ್ಲ" ಎಂದು ಸೆಕ್ರೆಟರಿ ಹಲ್ಲು ಕಿರಿದರು.

ಅಧಿಕಾರಿ ಆ ಕೈಯನ್ನು ನೋಡಿದ. ಬೀರುವನ್ನು ನೋಡಿದ. ಎಳನೀರನ್ನು ನೋಡಿದ. ಆಮೇಲೆ ಬರೆದುಕೊಂಡ: 'ಡಮ್ಮಿ ಇದೆ. ಬಳಕೆಯಲ್ಲಿದೆ.' ಇಷ್ಟು ಸತ್ಯವಾದ ಸರ್ಕಾರಿ ವರದಿಯನ್ನು ನಾನು ಕಂಡಿಲ್ಲ.

"ಯಾರಾದ್ರೂ ಒಬ್ರು ಹಾಕಿ ತೋರ್ಸಿ" ಎಂದ.

"ಸಂಗೀತಾ, ಬಾರಮ್ಮ. ಅವಳ ಎಡಗೈಗೇ ಬೇಗ ಹಾಕ್ಬಿಡು" ಎಂದರು ಸೆಕ್ರೆಟರಿ.

ಸೂಜಿ ಹಿಡಿದು ಹೋದೆ. "ಹಾಕು ಮಗಾ" ಎಂದಳು ಯಲ್ಲಮ್ಮ. ಆ ಕೈಯಲ್ಲೂ ಆಗಲೇ ಚುಚ್ಚಿದ ಗುರುತುಗಳಿದ್ದವು; ನಾನು ಸೆಕ್ರೆಟರಿಯ ಕಡೆ ತಿರುಗಿದೆ.

"ಇಲ್ಲಿ ಜಾಗ ಇಲ್ಲ ಸಾರ್. ನಿಮ್ ಕೈ ಕೊಡಿ."

"ಏನಂದೆ?"

"ನಿಮ್ ಕೈ. ಬೆಳ್ಳಗಿದೆ, ನರ ಚೆನ್ನಾಗ್ ಕಾಣುತ್ತೆ. ಮೂರೇ ಸಲ."

ಹಿಂದೆ ಟ್ರೇಗಳ ಸದ್ದಾಯಿತು. ಹದಿನೇಳು ಹುಡುಗಿಯರೂ ಸೂಜಿ ಹಿಡಿದು ಸಾಲಾಗಿ ನಿಂತಿದ್ದರು.

ಸೋಮಶೇಖರಪ್ಪ ಎರಡೂ ಕೈಗಳನ್ನು ಗಬಕ್ಕನೆ ಜೇಬಿಗೆ ಹಾಕಿಕೊಂಡರು. ದೇವರು ದೊಡ್ಡವನು, ಬೀಗದ ಕೈ ಅಲ್ಲೇ ಇತ್ತು! ಬೀರು ತೆರೆಯಿತು. ರಬ್ಬರಿನ ಕೈ ಮೇಜಿನ ಮೇಲೆ ಬಂತು. ಹಣೆಬರಹಕ್ಕೆ ಅದರ ಮೇಲೆ ಇನ್ನೂ ಕುಂಕುಮವಿತ್ತು.

ಯಲ್ಲಮ್ಮ ಅದನ್ನೇ ನೋಡಿದಳು. ಚಾಚಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

"ಹಂಗಾದ್ರೆ ನನ್ ಪೋಸ್ಟ್ ಹೋಯ್ತೇನೇ ಸಂಗೀತಾ?"

ಅಭ್ಯಾಸದ ಪುಸ್ತಕವನ್ನು ಅಧಿಕಾರಿಯ ಮುಂದೆಯೇ ತೆರೆದೆ. ನನ್ನ ಹೆಸರಿನ ಎದುರು 'ಡಮ್ಮಿ' ಎಂದಿದ್ದ ಮೂರೂ ಕಡೆ ಹೊಡೆದು ಹಾಕಿ 'ಯಲ್ಲಮ್ಮ' ಎಂದು ಬರೆದೆ. ಪೆನ್ನನ್ನು ಪಕ್ಕದವಳಿಗೆ ಕೊಟ್ಟೆ. ಅವಳು ತನ್ನ ಪಕ್ಕದವಳಿಗೆ.

ಐವತ್ತನಾಲ್ಕು ಕಡೆ ಯಲ್ಲಮ್ಮನ ಹೆಸರು ಬರೆದು ಮುಗಿಯುವವರೆಗೂ ಆ ಅಧಿಕಾರಿಯನ್ನು ನಾವು ಎದ್ದು ಹೋಗಲು ಬಿಡಲಿಲ್ಲ.