ಖಾತೆಯಿಲ್ಲದ ಮಂತ್ರಿ

“ಈ ಹೆಸರು ಹಾಕಿ ನನ್ನ ಗಂಡನ್ನ ಗೋಡೆಗೆ ಅಂಟಿಸ್ತೀಯಾ?” ಎನ್ನುತ್ತ ಕಾಸಿಲ್ದಾ ಸಾವಿನ ಸುದ್ದಿಯ ಕಾಗದವನ್ನು ಉದ್ದುದ್ದ ಹರಿದಳು. ಅಷ್ಟಕ್ಕೇ ಸಿಟ್ಟು ಇಳಿಯದೆ ಎರಡು ತುಂಡನ್ನೂ ಜೋಡಿಸಿ ಅಡ್ಡಡ್ಡ ಹರಿದು ಕೋಟಿನ ಜೇಬಿಗೆ ತುರುಕಿಕೊಂಡಳು.

ಅಂತಿಮ ದರ್ಶನದ ಭವನ ನಡೆಸುವ ಸಾತುರ್ನಿನೊ ಕನ್ನಡಕ ತೆಗೆದು ಒರೆಸಿಕೊಂಡ. ಬೆಳಗ್ಗೆ ಬೆಳಗ್ಗೆ ಹೆಣ ಮುಂದಿಟ್ಟುಕೊಂಡು ವಾದ ಮಾಡುವ ಮನಸ್ಸು ಅವನಿಗೂ ಇರಲಿಲ್ಲ.

“ಬೈಬೇಡಿ ಅಮ್ಮಾ. ಈ ಊರಲ್ಲಿ ಎಲ್ಲರಿಗೂ ಹೀಗೇ ಹಾಕೋದು. ಮೇಲೆ ಹೆಸರು, ಕೆಳಗೆ ಅಡ್ಡಹೆಸರು. ನಮ್ಮಪ್ಪ ಹೋದಾಗ ‘ಬೋಳ’ ಅಂತ ದಪ್ಪಕ್ಷರದಲ್ಲೇ ಹಾಕಿದ್ವಿ. ಇಲ್ದಿದ್ರೆ ಹೋದೋರು ಯಾರು ಅಂತ ಜನಕ್ಕೆ ಗೊತ್ತಾಗೋದು ಹೆಂಗೆ?”

“ಅವರಿಗೆ ಅವರಮ್ಮ ಇಟ್ಟ ಹೆಸರಿದೆ. ಎವಾರಿಸ್ತೊ ಲೊಸಾನೊ. ಅದು ಗೊತ್ತಿಲ್ದೋರು ಬರೋದೇ ಬೇಡ.”

ಮಗಳು ಮಾರ್ಸೆಲಾ ಗೋಡೆಗೊರಗಿ ನಿಂತಿದ್ದಳು. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತು ಕೂತು ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿದ್ದವು.

“ಹಾಕಲಿ ಬಿಡಮ್ಮಾ. ಬೀದೀಲಿ ಯಾರಾದ್ರೂ ‘ಎವಾರಿಸ್ತೊ’ ಅಂತ ಕರೆದ್ರೆ ಅಪ್ಪ ತಿರುಗಿ ಕೂಡ ನೋಡ್ತಿರ್ಲಿಲ್ಲ.”

“ನೀನು ಬಾಯ್ಮುಚ್ಚು. ಇಷ್ಟು ವರ್ಷ ಆಡ್ಕೊಂಡು ನಕ್ಕಿದ್ದು ಸಾಲದಾ ಈ ಊರಿಗೆ? ಹೆಣದ ಮುಂದೇನೂ ನಗಬೇಕಾ?”

ಸಾತುರ್ನಿನೊ ಹೊಸ ಕಾಗದ ಅಚ್ಚು ಹಾಕಿದ. ಅದರಲ್ಲಿ ಎವಾರಿಸ್ತೊ ಲೊಸಾನೊ ಎಂದಿತ್ತು, ಕೆಳಗೆ ಸಣ್ಣಕ್ಷರದಲ್ಲಿ ಹೆಂಡತಿಯ ಹೆಸರು, ಮಗಳ ಹೆಸರು, ಸಂಜೆ ಐದಕ್ಕೆ ಮಣ್ಣು ಎಂದಿತ್ತು. ‘ಮಂತ್ರಿ’ ಎಂಬ ಅಡ್ಡಹೆಸರು ಎಲ್ಲೂ ಇರಲಿಲ್ಲ. ಅವನ ಕೆಲಸದವರು ಅದನ್ನು ಬ್ರೆಡ್ ಅಂಗಡಿಯ ಬಾಗಿಲಿಗೆ, ಚರ್ಚಿನ ಗೋಡೆಗೆ, ಆಲಿವ್ ಎಣ್ಣೆಯ ಸಹಕಾರ ಸಂಘದ ಗೇಟಿಗೆ ಅಂಟಿಸಿ ಬಂದರು.

ಭವನದ ಗಾಜಿನ ಗೋಡೆಯಾಚೆ ಎವಾರಿಸ್ತೊ ತನ್ನ ಕಂದು ಸೂಟಿನಲ್ಲಿ ಮಲಗಿದ್ದ. ಮದುವೆಗೆ ಹೊಲಿಸಿದ ಸೂಟು ಅದು. ಮಧ್ಯೆ ಎಷ್ಟೋ ವರ್ಷ ಗುಂಡಿ ಹತ್ತದಷ್ಟು ಬಿಗಿಯಾಗಿತ್ತು. ಕಾಯಿಲೆ ಮೈಯನ್ನೆಲ್ಲ ತಿಂದುಹಾಕಿದ ಮೇಲೆ ಈಗ ಮತ್ತೆ ಹೇಳಿ ಮಾಡಿಸಿದಂತೆ ಕೂತಿತ್ತು. ಅದನ್ನು ನೋಡಿದಾಗಲೇ ಕಾಸಿಲ್ದಾಗೆ ಮೊದಲ ಸಲ ಅಳು ಬಂದಿತ್ತು.

ಈಚೆ ಕುರ್ಚಿಗಳು ಸಾಲಾಗಿ ಖಾಲಿ ಬಿದ್ದಿದ್ದವು. ಮೂಲೆಯ ಟಿವಿಯಲ್ಲಿ ಮ್ಯಾಡ್ರಿಡ್‌ನ ಅರಮನೆ ಕಾಣುತ್ತಿತ್ತು. ಹೊಸ ಸಮಾಜವಾದಿ ಸರ್ಕಾರದ ಸಂಪುಟ ಅವತ್ತೇ ಪ್ರಮಾಣ ಸ್ವೀಕರಿಸುತ್ತಿತ್ತು. ಒಬ್ಬೊಬ್ಬರೇ ಬಂದು ಸಂವಿಧಾನದ ಮೇಲೆ ಕೈಯಿಟ್ಟು ನಾಲ್ಕು ಮಾತು ಹೇಳಿ, ರಾಜನಿಗೆ ತಲೆಬಾಗಿ ಹಿಂದೆ ಸರಿಯುತ್ತಿದ್ದರು.

“ಅದನ್ನ ಆರಿಸು,” ಎಂದಳು ಕಾಸಿಲ್ದಾ. “ಇವತ್ತೇ ಆಗ್ಬೇಕಿತ್ತಾ ಇದೂ?”

ಮಾರ್ಸೆಲಾ ಆರಿಸಿದಳು. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ.

*

ಎಷ್ಟೋ ವರ್ಷಗಳ ಹಿಂದೆ, ಸಮಾಜವಾದಿಗಳು ಮೊದಲ ಸಲ ಗೆದ್ದ ಚಳಿಗಾಲವದು. ಎವಾರಿಸ್ತೊ ಆಗ ಸಹಕಾರ ಸಂಘದ ಗಾಣ ನೋಡಿಕೊಳ್ಳುತ್ತಿದ್ದ, ಕೂಲಿಕಾರರ ಸಂಘವನ್ನೂ ಕಟ್ಟಿದ್ದ. ಒಂದು ಸಂಜೆ ಪಕ್ಷದ ಜಿಲ್ಲಾ ಕಾರ್ಯದರ್ಶಿ ಮನೆಗೇ ಬಂದ.

“ಸಂಪುಟದಲ್ಲಿ ವಕೀಲರು ಜಾಸ್ತಿಯಾದ್ರು, ಪ್ರೊಫೆಸರುಗಳು ಜಾಸ್ತಿಯಾದ್ರು. ಉಗುರಲ್ಲಿ ಮಣ್ಣಿರೋನು ಒಬ್ಬ ಬೇಕು, ಅದೂ ದಕ್ಷಿಣದೋನೇ ಬೇಕು ಅಂತಿದಾರೆ. ಕೃಷಿ ಖಾತೆಗೆ ನಿನ್ನ ಹೆಸರು ಓಡ್ತಾ ಇದೆ ಸಂಗಾತಿ. ನಾಳೆ ಫೋನ್ ಬಿಟ್ಟು ಅಲ್ಲಾಡ್ಬೇಡ. ಕರೆ ಬಂದ್ರೆ ನೀನು ಮಂತ್ರಿ.”

ಆ ಮಾತು ಗೋಡೆ ದಾಟಿ ಹೇಗೆ ಹೋಯಿತೋ, ಬೆಳಗಾಗುವಷ್ಟರಲ್ಲಿ ಊರೆಲ್ಲ ಗುಲ್ಲಾಗಿತ್ತು. ಎವಾರಿಸ್ತೊ ಕಂದು ಸೂಟು ಹಾಕಿಕೊಂಡ. ಹೊಟ್ಟೆ ಬಂದಿದ್ದರಿಂದ ಕಾಸಿಲ್ದಾ ಗುಂಡಿಯನ್ನು ಈಚೆಗೆ ಸರಿಸಿ ಹೊಲಿದುಕೊಟ್ಟಳು. ನಡುಮನೆಯಲ್ಲಿ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತ.

ಫೋನ್ ಹೊಡೆದುಕೊಂಡಿತು. ಅವನು ಎದ್ದು ನಿಂತು, ಟೈ ಸರಿ ಮಾಡಿಕೊಂಡು ಎತ್ತಿದ.

“ಬಂತೇನೋ?” ಎಂದ ಬಾರಿನ ಸಿಪ್ರಿಯಾನೊ.

“ಇಲ್ಲ ಕಣೋ. ಫೋನ್ ಇಡು, ಲೈನ್ ಖಾಲಿ ಇರ್ಬೇಕು.”

ಇಟ್ಟದ್ದೇ ತಡ, ಮತ್ತೆ ಹೊಡೆದುಕೊಂಡಿತು. ಬ್ರೆಡ್ ಅಂಗಡಿಯ ಗೆರ್ತ್ರೂದಿಸ್. “ಕರೆ ಬಂತಾ? ನಮ್ಮ ಬೀದಿಗೆ ಟಾರು ಹಾಕ್ಸೋದು ಮರೀಬೇಡ!” ಆಮೇಲೆ ಮೇಷ್ಟ್ರು. ಆಮೇಲೆ ಪಾದ್ರಿ. ಆಮೇಲೆ ಪಕ್ಕದೂರಿನ ನೆಂಟರು. ಊರಲ್ಲಿ ಫೋನಿದ್ದವರೆಲ್ಲ ಒಂದು ಸುತ್ತು ಕೇಳಿದರು, ಇಲ್ಲದವರು ಇದ್ದವರ ಮನೆಗೆ ಹೋಗಿ ಕೇಳಿದರು. ಪ್ರತಿ ಸಲವೂ ಅವನು ಎದ್ದು ನಿಂತೇ ಎತ್ತಿದ. ಮಧ್ಯಾಹ್ನದ ಮೇಲೆ ಎಲ್ಲರಿಗೂ ಬುದ್ಧಿ ಬಂತೋ ಏನೋ, ಫೋನ್ ಸುಮ್ಮನಾಯಿತು. ಆ ಮೌನದಿಂದ ಕಾಸಿಲ್ದಾಗೆ ಇನ್ನೂ ಸಂಕಟವಾಯಿತು.

ಸಂಜೆ ವಾರ್ತೆಯಲ್ಲಿ ಹೆಸರುಗಳನ್ನು ಓದಿದರು. ಕೃಷಿಗೆ ಇನ್ಯಾರದೋ ಹೆಸರು ಬಂತು. ಎವಾರಿಸ್ತೊ ರೇಡಿಯೊ ಆರಿಸಿ, “ಊಟಕ್ಕೆ ಏನಿದೆ?” ಎಂದ. ಬೇಳೆ ಸಾರಿತ್ತು. ಸೂಟಿನಲ್ಲೇ ಕೂತು ಉಂಡ. ಮಾರನೆಯ ದಿನ ಬೀದಿಯಲ್ಲಿ ಯಾರೋ “ಏನ್ ಮಂತ್ರಿಗಳೇ!” ಎಂದರು. ಅಲ್ಲಿಗೆ ಅದೇ ಹೆಸರು ಗಟ್ಟಿಯಾಯಿತು.

ಮ್ಯಾಡ್ರಿಡ್‌ನವರು ಕರೆದಿದ್ದರೋ, ಲೈನ್ ಸಿಗದೆ ಬಿಟ್ಟರೋ, ಕರೆಯಲೇ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ಗಂಡ ಆ ವಿಷಯ ಎತ್ತಲೂ ಇಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಒಮ್ಮೆ ಕಾಸಿಲ್ದಾ ಅಡುಗೆಮನೆಯಿಂದ ನೋಡಿದಳು. ಅವನು ನಡುಮನೆ ದಾಟುವಾಗ ನಿಂತು, ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಲೈನಿಗೆ ಜೀವ ಇದೆಯೇ ಎಂದು ಕೇಳಿಸಿಕೊಂಡು, ಸದ್ದಾಗದಂತೆ ಕೆಳಗಿಟ್ಟ. ಆ ದಿನದಿಂದ ‘ಮಂತ್ರಿ’ ಎಂದವರ ಮೇಲೆಲ್ಲ ಅವಳು ಹರಿಹಾಯ್ದಳು. ಗೆರ್ತ್ರೂದಿಸ್ ಜೊತೆ ಮಾತು ಬಿಟ್ಟು, ಊರಾಚೆಯ ಅಂಗಡಿಯ ಕಲ್ಲಿನಂಥ ಬ್ರೆಡ್ಡನ್ನೇ ಇಷ್ಟು ವರ್ಷ ತಿಂದಳು.

*

ಒಂದು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಎನ್ಕಾರ್ನಾ ಏದುಸಿರು ಬಿಡುತ್ತ ಬಂದಳು. ಕೊಯ್ಲಿನ ಕೆಲಸದ ಮಧ್ಯೆಯೇ ಬಂದಿದ್ದಳು, ತಲೆಯ ವಸ್ತ್ರದಲ್ಲಿ ಆಲಿವ್ ಎಲೆ ಸಿಕ್ಕಿಕೊಂಡಿತ್ತು. ಕಾಸಿಲ್ದಾಳನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿಸಿ ಬೈದಳು.

“ನಿನಗೇನು ಬಂದಿತ್ತು ದಾಡಿ? ಸಂಘದ ಗೇಟಿಗೆ ಅಂಟಿಸಿದ ಆ ಕಾಗದದ ಮುಂದೆ ಕಾಯಿ ಹಾಕೋಕೆ ಅಂತ ಬೆಳಗ್ಗೆಯಿಂದ ಎಷ್ಟು ಸಲ ಓಡಾಡಿದೀನಿ ಗೊತ್ತಾ? ಯಾರೋ ಹೊಸ ಬಡಾವಣೆಯೋರು ಪಾಪ, ಅಂತ ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡು ಹೋದೆ. ಈಗ ಕನ್ನಡಕ ಹಾಕ್ಕೊಂಡು ಸಣ್ಣಕ್ಷರ ಓದಿದ್ರೆ ನಿನ್ನ ಹೆಸರು!”

“ಗೋಡೆಗೆ ಗೋಡೆ ಅಂಟಿಕೊಂಡು ಇದ್ದೀಯ, ಅವರ ಹೆಸರು ಗೊತ್ತಿಲ್ವಾ ನಿನಗೆ?”

“ಎಲ್ಲಿ ಗೊತ್ತಿರುತ್ತೆ? ನಾನೇನು ಅವರಿಗೆ ದೀಕ್ಷಾಸ್ನಾನ ಮಾಡಿಸಿದ್ನಾ? ಚರ್ಚಲ್ಲಿ ಸಾವಿನ ಗಂಟೆ ಹೊಡೆದಾಗ ಜನ ಒಬ್ಬರನ್ನೊಬ್ಬರು ಕೇಳಿದ್ರು, ಯಾರಂತೆ, ಯಾರೋ ಎವಾರಿಸ್ತೊ ಅಂತೆ. ಅಷ್ಟೇ. ಎಲ್ಲಾರೂ ಕೊಯ್ಲಿಗೆ ಹೋದ್ರು.” ಎನ್ಕಾರ್ನಾ ದನಿ ತಗ್ಗಿಸಿದಳು. “ಸಿಪ್ರಿಯಾನೊ ಬಾರಲ್ಲಿ ಅವರ ಕುರ್ಚಿ ಹಾಗೇ ಇಟ್ಕೊಂಡು ಕಾಯ್ತಿದಾರೆ ಕಣೆ. ಆಸ್ಪತ್ರೆಯಿಂದ ಬಂದ ಮೇಲೆ ಹೊಸ ಸಂಪುಟ ಹೆಂಗಿದೆ ಅಂತ ಮಂತ್ರಿಗಳನ್ನೇ ಕೇಳೋಣ ಅಂತ.”

ಕಾಸಿಲ್ದಾ ಗಾಜಿನ ಕಡೆ ನೋಡಿದಳು. ಒಳಗೆ ಒಬ್ಬನೇ ಮಲಗಿದ್ದಾನೆ. ಹೀಗೇ ಬಿಟ್ಟರೆ ಸಂಜೆ ಪೆಟ್ಟಿಗೆ ಹೊರಲು ಕೂಲಿಯವರನ್ನು ಕರೆಯಬೇಕು. ಅವತ್ತೂ ಇವನು ಸೂಟು ಹಾಕಿಕೊಂಡು ಬಾರದವರಿಗಾಗಿ ಕಾದಿದ್ದ. ಇವತ್ತೂ ಕಾಯುತ್ತಿದ್ದಾನೆ. ಇವತ್ತು ಕಾಯಿಸುತ್ತಿರುವುದು ತಾನು.

ಅವಳು ಎದ್ದು ಸಾತುರ್ನಿನೊನ ಮೇಜಿನ ಬಳಿ ಹೋಗಿ ಫೋನ್ ಕೇಳಿದಳು. ಮಾರ್ಸೆಲಾ ಬಾರಿನ ನಂಬರ್ ಒತ್ತಿಕೊಟ್ಟಳು. ಆಚೆ ಗದ್ದಲವಿತ್ತು, ಟಿವಿ ಕೂಗುತ್ತಿತ್ತು, ಡಾಮಿನೊ ಬಿಲ್ಲೆಗಳನ್ನು ಕುಟ್ಟುವ ಸದ್ದು.

“ಯಾರು?” ಎಂದ ಸಿಪ್ರಿಯಾನೊ.

ಅವಳು ರಿಸೀವರನ್ನು ಬಾಯಿಗೆ ಹತ್ತಿರ ತಂದಳು. ಎಂದೂ ಆಡದ ಮಾತದು.

“ನಾನು. ಮಂತ್ರಿ ಹೆಂಡತಿ.” ಮತ್ತೆ ಉಸಿರು ತೆಗೆದುಕೊಂಡು ಹೇಳಿದಳು. “ಮಂತ್ರಿ ಹೋಗ್ಬಿಟ್ರು ಸಿಪ್ರಿಯಾನೊ.”

ಆಚೆ ಡಾಮಿನೊ ಸದ್ದು ನಿಂತಿತು. ಯಾರೋ ಟಿವಿ ಆರಿಸಿದರು.

*

ಅರ್ಧ ಗಂಟೆಯಲ್ಲಿ ಭವನದ ಮುಂದೆ ಕಾಲಿಡಲು ಜಾಗವಿಲ್ಲ. ತೋಟಗಳಿಂದ ಟ್ರ್ಯಾಕ್ಟರುಗಳಲ್ಲೇ ಬಂದರು. ಸಾತುರ್ನಿನೊ ಒರೆಸಿಟ್ಟ ನೆಲದ ಮೇಲೆಲ್ಲ ಕೆಂಪು ಮಣ್ಣಿನ ಬೂಟಿನ ಗುರುತು. ಫೋನ್ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. “ಹೌದು, ಹೋಗಿದ್ದು ಮಂತ್ರಿಗಳೇ. ಹೌದು, ಐದಕ್ಕೆ,” ಎಂದು ಹೇಳಿ ಹೇಳಿ ಸಾತುರ್ನಿನೊನ ದನಿ ಕೂತುಹೋಯಿತು.

ಸಿಪ್ರಿಯಾನೊ ಟೋಪಿ ಹಿಂಡುತ್ತ ಬಂದು ಕೂತ. ಅವನ ಪಕ್ಕ ಊರಿನ ಗಾರೆ ಕೆಲಸದ ದಮಿಯಾನ್. ಅವರ ಹಿಂದೆ, ಮುಂದೆ ಬರಲೋ ಬೇಡವೋ ಎಂದು, ಬ್ರೆಡ್ ಅಂಗಡಿಯ ಗೆರ್ತ್ರೂದಿಸ್.

“ಸಂಪುಟ ಪೂರ್ತಿ ಬಂದಿದೆ ಕಾಸಿಲ್ದಾ,” ಎಂದ ಸಿಪ್ರಿಯಾನೊ, ಅಳುತ್ತ.

“ಯಾವ ಸಂಪುಟ?”

ಅವರು ಮುಖ ಮುಖ ನೋಡಿಕೊಂಡರು. ಗೆರ್ತ್ರೂದಿಸಳೇ ಬಾಯಿಬಿಟ್ಟಳು.

“ನಮ್ಮದು. ಶುಕ್ರವಾರ ಶುಕ್ರವಾರ ಬಾರಲ್ಲಿ ಸಭೆ. ಸಿಪ್ರಿಯಾನೊಗೆ ಹಣಕಾಸು, ಗಲ್ಲಾಪೆಟ್ಟಿಗೆ ಇವನದೇ ಅಂತ. ದಮಿಯಾನ್‌ಗೆ ಲೋಕೋಪಯೋಗಿ. ಎನ್ಕಾರ್ನಾ ತಮ್ಮ ಜರ್ಮನೀಲಿ ಕೂಲಿ ಮಾಡಿ ಬಂದಿದ್ದ ಅಂತ ಅವನಿಗೆ ವಿದೇಶಾಂಗ. ಮ್ಯಾಡ್ರಿಡ್‌ನೋರು ಆಗ ಒಬ್ಬ ಹೆಂಗಸನ್ನೂ ತಗೊಂಡಿರ್ಲಿಲ್ಲ, ನಾವು ತಗೋಳೋಣ ಅಂತ ನನ್ನನ್ನ ಆರೋಗ್ಯಕ್ಕೆ ಹಾಕಿದ್ರು. ಎಲ್ಲ ನಿನ್ನ ಗಂಡನದೇ ಆಯ್ಕೆ.”

“ತಮಾಷೆ ಅಂದ್ಕೋಬೇಡಿ,” ಎಂದ ದಮಿಯಾನ್. “ನಮ್ಮಮ್ಮನ ಪಿಂಚಣಿ ನಿಂತುಹೋದಾಗ ಮಂತ್ರಿಗಳು ‘ಸಚಿವಾಲಯ ಪರಿಶೀಲಿಸುತ್ತೆ’ ಅಂತ ಮೀಸೆ ತಿರುವಿದ್ರು. ಮಾರನೇ ದಿನ ಬಸ್ ಹತ್ತಿ ಜಿಲ್ಲಾ ಕಛೇರಿಗೆ ಹೋಗಿ, ಆದೇಶ ಕೈಗೆ ಬರೋತನಕ ಅಲ್ಲಿಂದ ಏಳ್ಲಿಲ್ಲ. ಊರಲ್ಲಿ ಅವರ ಹತ್ರ ಹೋಗದೇ ಇರೋ ಮನೆ ಯಾವುದಿದೆ ಹೇಳಿ?”

ಕಾಸಿಲ್ದಾ ಕೈಯಲ್ಲಿನ ಕರವಸ್ತ್ರ ಮಡಚಿದಳು, ಬಿಚ್ಚಿದಳು. “ಅವರೂ ನಗ್ತಿದ್ರಾ?”

“ಎಲ್ಲರಿಗಿಂತ ಮೊದಲು ನಗ್ತಿದ್ದಿದ್ದೇ ಅವರು,” ಎಂದ ದಮಿಯಾನ್.

“ಮನೇಲಿ ಒಂದು ದಿನಾನೂ ಹೇಳ್ಲಿಲ್ಲ ನನಗೆ.”

“ಕಾಸಿಲ್ದಾಗೆ ಆ ಹೆಸರು ಕೇಳಿದ್ರೆ ನೋವಾಗುತ್ತೆ, ನಮ್ಮ ಮನೆ ಬಾಗಿಲಲ್ಲಿ ಯಾರೂ ಹಾಗೆ ಕರೀಬೇಡಿ ಅಂತಿದ್ರು,” ಎಂದ ಸಿಪ್ರಿಯಾನೊ.

ಇಷ್ಟು ವರ್ಷ ಅವಳು ಅವನ ನೋವನ್ನು ಕಾಯುತ್ತಿದ್ದಳು, ಅವನು ಅವಳದನ್ನು. ಒಂದು ಸಲ ಅಡುಗೆಮನೆಯಲ್ಲಿ ಇಬ್ಬರೂ ಕೂತು ನಕ್ಕಿದ್ದರೆ ಏನು ಹೋಗುತ್ತಿತ್ತು? ಗೆರ್ತ್ರೂದಿಸ್ ಪಕ್ಕಕ್ಕೆ ಬಂದು ಕೂತಳು. ಕಾಸಿಲ್ದಾ ಅವಳ ಕೈ ಹಿಡಿದುಕೊಂಡಳು.

ಆ ಕೈ ಬಿಡದೆಯೇ ಕೇಳಿದಳು. “ಅವರಿಗೆ ಯಾವ ಖಾತೆ? ಕೃಷೀನಾ?”

ದಮಿಯಾನ್ ಹೇಳಿದ.

“ಅವರು ಖಾತೆಯಿಲ್ಲದ ಮಂತ್ರಿ. ಕೃಷಿ ಯಾರಿಗೂ ಕೊಡ್ಲಿಲ್ಲ. ನೀವೇ ಇಟ್ಕೊಳ್ಳಿ ಅಂತ ನಾನೊಂದ್ಸಲ ಅಂದೆ. ನಗ್ತಾ ಇದ್ದೋರು ಸುಮ್ಮನಾಗ್ಬಿಟ್ರು. ‘ಅದು ಖಾಲಿ ಇರ್ಲಿ’ ಅಂದ್ರು. ಆಮೇಲೆ ನಾವು ಕೇಳ್ಲಿಲ್ಲ.”

ಕಾಸಿಲ್ದಾಗೆ ನಡುಮನೆಯ ಆ ರಿಸೀವರ್ ನೆನಪಾಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

*

ಪೆಟ್ಟಿಗೆಯನ್ನು ಕೊಯ್ಲಿನ ಬಟ್ಟೆಯಲ್ಲೇ ಇದ್ದ ಗಂಡಸರು ಸರದಿಯ ಮೇಲೆ ಹೊತ್ತರು. ಸ್ಮಶಾನದಲ್ಲಿ ಶವಪೆಟ್ಟಿಗೆ ಇಡಲು ಗೂಡು ಗೂಡಾಗಿ ಕಟ್ಟಿದ ಬಿಳಿ ಗೋಡೆ, ಅದರ ಮೂರನೆಯ ಸಾಲಿನ ಗೂಡು. ಪೆಟ್ಟಿಗೆ ಒಳಗೆ ಸರಿಯಿತು. ದಮಿಯಾನ್ ಕೋಟು ಬಿಚ್ಚಿ ಎನ್ಕಾರ್ನಾ ಕೈಗೆ ಕೊಟ್ಟು, ಅಂಗಿಯ ತೋಳು ಮಡಚಿದ. ಇಟ್ಟಿಗೆ ಕಟ್ಟಿ ಗೂಡಿನ ಬಾಯಿ ಮುಚ್ಚಿ, ಮೇಲೆ ಗಾರೆ ಬಳಿದು ನುಣುಪು ಮಾಡಿದ. ಅಮೃತಶಿಲೆಯ ಫಲಕ ಬರುವವರೆಗೆ ಹಸಿ ಗಾರೆಯ ಮೇಲೆ ಕರಣೆಯ ಮೂಲೆಯಲ್ಲಿ ಹೆಸರು ಬರೆಯುವುದು ಅವನದೇ ಕೆಲಸ. ಬರೆಯಲು ಹೋದವನು ತಿರುಗಿ ನೋಡಿದ.

“ಏನಂತ ಬರೀಲಿ ಕಾಸಿಲ್ದಾ?”

“ಹೆಸರು ಬರಿ. ಕೆಳಗೆ ಮಂತ್ರಿ ಅಂತ ಬರಿ.”

ಅವನು ಬರೆದ. ಕರಣೆ ಕೆಳಗಿಳಿಸಿದ.

“ಇನ್ನೂ ಮುಗೀಲಿಲ್ಲ,” ಎಂದಳು. “ಕೃಷಿ ಖಾತೆ ಅಂತ ಹಾಕು.”

ಯಾರೂ ನಗಲಿಲ್ಲ. ಸಿಪ್ರಿಯಾನೊ ಟೋಪಿ ತೆಗೆದ. ಅವನ ಹಿಂದೆ ಉಳಿದವರೂ ತೆಗೆದರು. ದಮಿಯಾನ್ ಮೊದಲೆರಡು ಸಾಲು ದೊಡ್ಡದಾಗಿ ಬರೆದುಬಿಟ್ಟಿದ್ದರಿಂದ ಕೊನೆಯ ಸಾಲಿಗೆ ಜಾಗ ಸಾಲದೆ ಅಕ್ಷರಗಳು ಅಂಚಿಗೆ ಒತ್ತಿಕೊಂಡು ಸಣ್ಣದಾಗಿ ಬಂದವು. ಗಾರೆ ಆಗಲೇ ಬಿಗಿಯತೊಡಗಿತ್ತು. ಕಾಸಿಲ್ದಾ ಹತ್ತಿರ ಹೋಗಿ, ಸರಿಯಾಗಿ ಮೂಡದ ಒಂದು ಅಕ್ಷರವನ್ನು ತೋರುಬೆರಳಿನಿಂದ ಒತ್ತಿ ಒತ್ತಿ ತೀಡಿದಳು.