ಒಂಬತ್ತನೆ ನಂಬರಿನ ಭುಜಂಗ

"ಸರ್, ಒಂದೇ ಒಂದು ಡೌಟು. ಆ ಗೋಲು ಹೊಡೆದದ್ದು ಬಲಗಾಲಲ್ಲೋ, ಎಡಗಾಲಲ್ಲೋ?"

ಹಳೆ ವಿದ್ಯಾರ್ಥಿ ಸಂಘದ ಕೀತ್ ಪೆನ್ನು ಹಿಡಿದು ಕಾಯುತ್ತಿದ್ದ. ಭುಜಂಗ ತುಟಿಯ ತನಕ ತಂದ ಚಹಾದ ಕಪ್ಪನ್ನು ಹಾಗೆಯೇ ಕೆಳಗಿಟ್ಟ. ಆ ಗೋಲಿನ ಕಥೆಯನ್ನು ಅವನು ಬಹರೈನಿನಲ್ಲಿ ಕಡಿಮೆಯೆಂದರೂ ಇನ್ನೂರು ಸಲ ಹೇಳಿದ್ದ. ಪಿಕ್‌ನಿಕ್ಕಿನಲ್ಲಿ, ಮದುವೆ ಪಾರ್ಟಿಯಲ್ಲಿ, ಚೌತಿಯ ಊಟದ ಸಾಲಿನಲ್ಲಿ. ಕಾಲು ಯಾವುದೆಂದು ಇಲ್ಲಿಯವರೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

"ಬಲಗಾಲು," ಎಂದ. "ಯಾಕೆ?"

"ಏನಿಲ್ಲ. ಫೈನಲಿನ ಫೋಟೋ ಯಾರ ಹತ್ರ ಆದ್ರೂ ಉಂಟಾ ಅಂತ ಫೇಸ್‌ಬುಕ್ಕಲ್ಲಿ ಹಾಕಿದ್ದೆ. ಬುದಯ್ಯ ಕಡೆಯಿಂದ ಒಬ್ರು ಫೋನ್ ಮಾಡಿದ್ರು. ಅವರ ಹತ್ರ ಒಂದು ಉಂಟಂತೆ, ಅದ್ರಲ್ಲಿ ಎಡಗಾಲು ಕಾಣ್ತದಂತೆ. ಹಂಝ ಅಂತ ಹೆಸರು. ನಿಮಗೆ ಗುರ್ತ ಉಂಟಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭುಜಂಗನ ಕೈ ಮೇಜಿನ ಕೆಳಗೆ ತನ್ನ ಬಲ ಮೊಣಕಾಲನ್ನು ಹಿಡಿದುಕೊಂಡಿತು.

"ಯಾವ ಹಂಝ? ನಮ್ಮ ಟೈಮಲ್ಲಿ ಕಾಲೇಜಲ್ಲಿ ಆ ಹೆಸರಿನವರು ಯಾರೂ ಇರ್ಲಿಲ್ಲ."

ಹಾಗೆ ನೋಡಿದರೆ ಅದು ಸುಳ್ಳಲ್ಲ. ಕಾಲೇಜಿನ ಯಾವ ಹಾಜರಿ ಪುಸ್ತಕದಲ್ಲೂ ಹಂಝನ ಹೆಸರಿರಲಿಲ್ಲ.

"ಹಾಗಾದ್ರೆ ಯಾರೋ ಬಿಟ್ಟಿ ಊಟದ ಗಿರಾಕಿ," ಎಂದು ಕೀತ್ ನಕ್ಕ. "ಶುಕ್ರವಾರದ ಪಂದ್ಯದ ಲಿಸ್ಟಲ್ಲಿ ಹೆಸರಿಲ್ಲ, ಬರ್ಬೇಡಿ ಅಂತ ಹೇಳಿಬಿಡ್ತೇನೆ."

ಭುಜಂಗ ತಡೆಯಲಿಲ್ಲ. ಸೋಫಾದಲ್ಲಿ ಕಾಲು ಮಡಚಿ ಕೂತಿದ್ದ ಮಗಳು ಅಶ್ಮಿತಾ ಫೋನಿನಿಂದ ತಲೆ ಎತ್ತಿದಳು. "ಫೋಟೋ ತರಿಸಿ ನೋಡಿದ್ರೆ ಗೊತ್ತಾಗ್ತದಲ್ಲ ಪಪ್ಪಾ. ಐ ವಾಂಟ್ ಟು ಸೀ ಇಟ್."

ಚಿಕ್ಕವಳಿದ್ದಾಗ ಆ ಗೋಲಿನ ಕಥೆ ಕೇಳದೆ ಅವಳು ನಿದ್ದೆ ಮಾಡುತ್ತಿರಲಿಲ್ಲ. ಈಗ ಇಪ್ಪತ್ತೆರಡು ವರ್ಷ. ಅವಳು ಹಾಗೆಂದದ್ದು ಆಸೆಯಿಂದಲೋ ಪರೀಕ್ಷೆ ಮಾಡಲೋ ಎಂದು ಭುಜಂಗ ಅವಳ ಮುಖವನ್ನೇ ನೋಡಿದ.

ಕಡಲಗುಡ್ಡೆ ಕಾಲೇಜಿನ ಫುಟ್ಬಾಲ್ ಎಂದರೆ ಒಂದು ಕಾಲದಲ್ಲಿ ಊರವರು ಅಂಗಡಿ ಬಾಗಿಲು ಹಾಕಿ ಬಂದು ನೋಡುವ ಆಟ. ಹನ್ನೊಂದು ಸಲ ಫೈನಲು, ಆರು ಸಲ ಕಪ್ಪು, ಎಂಬತ್ತೊಂಬತ್ತರದ್ದೇ ಕೊನೆಯದು. ಆಮೇಲೆ ತರಬೇತು ಕೊಡುತ್ತಿದ್ದ ಕೊಸ್ಮಸ್ ಮಾಸ್ಟ್ರು ತೀರಿಹೋದರು, ಗೋಲು ಕಂಬಗಳಿಗೆ ಹಾಸ್ಟೆಲಿನ ಹುಡುಗರು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು, ಮೈದಾನದ ಅರ್ಧಭಾಗದಲ್ಲಿ ಹೊಸ ಕಟ್ಟಡ ಎದ್ದಿತು. ಈಗ ಬಂದ ಪ್ರಿನ್ಸಿಪಾಲರು ಉಳಿದರ್ಧ ಮೈದಾನದಲ್ಲೇ ತಂಡ ಕಟ್ಟುತ್ತೇನೆಂದು ಹೊರಟಿದ್ದರು. ಬಹರೈನಿನ ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಕೀತ್‌ಗೆ ಅಷ್ಟೇ ಸಾಕಾಯಿತು. ಬ್ಯಾಂಕಿನಲ್ಲಿರುವ ಈ ಯುವಕ ಕಾಲೇಜು ಸೇರಿದಾಗ ಅಲ್ಲಿ ಚೆಂಡೇ ಇರಲಿಲ್ಲ. ನೋಡದವನ ಭಕ್ತಿ ಯಾವಾಗಲೂ ಒಂದು ತೂಕ ಹೆಚ್ಚು. ಶುಕ್ರವಾರ ಸಂಜೆ ಅರಾದಿನ ಮೈದಾನದಲ್ಲಿ ಹಳಬರ ಪಂದ್ಯ, ಊರಿಂದ ವಿಡಿಯೋದಲ್ಲಿ ಪ್ರಿನ್ಸಿಪಾಲರು ಮತ್ತು ಹೊಸ ತಂಡದ ಹುಡುಗರು, ಎಲ್ಲಕ್ಕಿಂತ ಮೊದಲು ಎಂಬತ್ತೊಂಬತ್ತರ ಒಂಬತ್ತನೆ ನಂಬರ್ ಭುಜಂಗನಿಂದ ಆ ಗೋಲಿನ ನೆನಪಿಗೊಂದು ಗೋಲು. ಎಲ್ಲ ಕೀತ್‌ನದೇ ಏರ್ಪಾಡು.

ನಿಜ ಸಂಗತಿ ಬೇರೆಯೇ ಇತ್ತು. ಆಗ ನಮ್ಮ ಕಡೆಯ ಕಾಲೇಜುಗಳಲ್ಲಿ ಒಂದು ಪದ್ಧತಿಯಿತ್ತು, ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ತಂಡ ಸೊರಗಿದರೆ ಹೊರಗಿನ ಒಬ್ಬನನ್ನು ಹಿಡಿದು ತಂದು, ಓದುವ ಹುಡುಗನೊಬ್ಬನ ಹೆಸರಿನಲ್ಲಿ ಇಳಿಸುವುದು. ಆ ವರ್ಷ ಕೊಸ್ಮಸ್ ಮಾಸ್ಟ್ರ ಕಣ್ಣಿಗೆ ಬಿದ್ದವನು ದೋಣಿಗಳು ಮೀನಿಳಿಸುವ ದಕ್ಕೆಯಲ್ಲಿ ಬುಟ್ಟಿ ಹೊರುತ್ತಿದ್ದ ಹಂಝ. ಎತ್ತರ, ಮೈಕಟ್ಟು ಹೆಚ್ಚುಕಡಿಮೆ ಭುಜಂಗನದೇ. ಭುಜಂಗನೂ ಪಟ್ಟಿಯಲ್ಲಿದ್ದವನೇ, ಆದರೆ ಬೆಂಚು ಬಿಟ್ಟು ಎದ್ದವನಲ್ಲ. ಮಾಸ್ಟ್ರು ಅವನ ಐಡಿ ಕಾರ್ಡಿನ ಫೋಟೋ ಕಿತ್ತರು. ಹಂಝನ ಫೋಟೋದ ಬೆನ್ನಿಗೆ ಎರಡು ಅಗುಳು ಕುಚ್ಚಲಕ್ಕಿ ಅನ್ನ ತಿಕ್ಕಿ, ಅಲ್ಲೇ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು. "ಇಬ್ರು ಭುಜಂಗ ಒಂದೇ ಕಡೆ ಕಾಣ್ಬಾರ್ದು. ಫೈನಲ್ ದಿನ ನೀನು ಮೈದಾನದ ಹತ್ರ ಸುಳಿಯಬೇಡ," ಎಂದರು.

ಹಾಗಾಗಿ ಕಾಲೇಜು ಕಪ್ಪು ಗೆದ್ದ ಸಂಜೆ ಭುಜಂಗ ಮೈದಾನದ ಹಿಂದಿದ್ದ ಮಾಸ್ಟ್ರ ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದ. ಮಾಸ್ಟ್ರ ಹೆಂಡತಿ ಮಾರ್ಥಾಬಾಯಿ ಸಿಗಡಿ ಸುಲಿಯುತ್ತಿದ್ದರು. ಗೋಡೆಯಾಚೆ ಒಮ್ಮೆಲೇ ಬೊಬ್ಬೆ ಎದ್ದಿತು. ಮಾರ್ಥಾಬಾಯಿ ತಲೆ ಎತ್ತದೆ, "ನೀನು ಗೋಲು ಹೊಡೆದೆ ಕಾಣ್ತದೆ ಮಗಾ," ಎಂದರು.

ಮರುದಿನ ಕಾಲೇಜಿನ ಸಭೆಯಲ್ಲಿ ಹಾರ ಹಾಕಿಸಿಕೊಳ್ಳಲು ಮಾತ್ರ ಅಸಲಿ ಭುಜಂಗನೇ ಬೇಕಾಯಿತು. ಆಗ ಸಿಕ್ಕಿದ ಸರ್ಟಿಫಿಕೇಟು ನೋಡಿಯೇ ಬಹರೈನಿನ ಕಂಪೆನಿಯೊಂದು, ತನ್ನ ತಂಡಕ್ಕೂ ಆದೀತೆಂದು, ಸ್ಟೋರ್‌ಕೀಪರ್ ಕೆಲಸ ಕೊಟ್ಟಿತು. ಬಂದ ತಿಂಗಳೇ ಭುಜಂಗನಿಗೆ ಮೊಣಕಾಲು ನೋವು ಶುರುವಾಯಿತು; ಚೆಂಡು ಕಂಡಾಗ ಮಾತ್ರ ಬರುವ ಆ ನೋವು ಅವನು ಗೋದಾಮಿನ ಮ್ಯಾನೇಜರಾದ ಮೇಲೂ ಬಿಟ್ಟಿರಲಿಲ್ಲ. ಹತ್ತು ವರ್ಷದ ಹಿಂದೆ ಒಮ್ಮೆ ಸೂಪರ್‌ಮಾರ್ಕೆಟಿನಲ್ಲಿ ಹಂಝನನ್ನು ದೂರದಿಂದ ಕಂಡು, ಟ್ರಾಲಿ ತಿರುಗಿಸಿ, ಮಕ್ಕಳ ಡೈಪರಿನ ಸಾಲಿನಲ್ಲಿ ಕಾಲು ಗಂಟೆ ಅಡಗಿ ನಿಂತಿದ್ದ.

ಕೀತ್ ಬಂದುಹೋದ ಮೇಲೆ ಭುಜಂಗನಿಗೆ ಕಂಡದ್ದೆಲ್ಲ ಸಂಶಯ. ಹಂಝ ಈಗಲೇ ಯಾಕೆ ತಲೆ ಎತ್ತಿದ? ಫೋಟೋ ಒಂದು ನೆಪವಿರಬೇಕು. ಅಪರಿಚಿತ ನಂಬರಿನ ಮಿಸ್ಡ್ ಕಾಲ್ ಬಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. "ನಿಮ್ಮ ಕಾಲಿನ ಸುದ್ದಿ ಎಲ್ಲಿಗೆ ಬಂತು?" ಎಂದು ಹೆಂಡತಿ ಆಶಾಲತಾ ಕೇಳಿದಾಗ, ನಿನಗೆ ಯಾರು ಹೇಳಿದರು ಎಂದು ಸಿಡುಕಿದ, ಅವಳು ಕೇಳಿದ್ದು ಮೊಣಕಾಲಿನ ಎಕ್ಸ್‌ರೇ ವಿಷಯ. ಮಂಗಳವಾರದ ಹೊತ್ತಿಗೆ ಇನ್ನೊಂದು ಹೆದರಿಕೆ ಹುಟ್ಟಿತು. ಬರಬೇಡ ಎಂದು ಹೇಳಿಸಿಕೊಂಡವನು ಸುಮ್ಮನಿರುತ್ತಾನೆಯೇ? ಅವಮಾನವಾದವನ ಬಾಯಿಗೆ ಬೀಗವಿಲ್ಲ. ಕೀತ್‌ನಿಂದ ನಂಬರ್ ಪಡೆದು, ವಿಳಾಸ ವಿಚಾರಿಸಿ, ಬುಧವಾರ ಕೆಲಸ ಬಿಟ್ಟ ಮೇಲೆ ಬುದಯ್ಯದ ದಾರಿ ಹಿಡಿದ.

ಹಂಝ ಅಲ್ಲೊಂದು ಹೂಗಿಡಗಳ ನರ್ಸರಿ ನೋಡಿಕೊಳ್ಳುತ್ತಿದ್ದ. ಗಡ್ಡ ನೆರೆತಿತ್ತು, ಅಂಗೈಯಲ್ಲಿ ಮಣ್ಣು. ಭುಜಂಗನನ್ನು ಕಂಡು ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಬನ್ನಿ ಭುಜಂಗಣ್ಣ. ನೀವು ಒಂದು ದಿನ ಬರ್ತೀರಿ ಅಂತ ಗ್ರಹಿಸಿದ್ದೆ."

ಹಾಗೆ ಯಾಕೆ ಗ್ರಹಿಸಿದ? ಭುಜಂಗ ಕೂರಲಿಲ್ಲ. "ನಿನಗೆ ಎಂತ ಬೇಕು ಹೇಳು. ಮಗನಿಗೆ ಕೆಲಸವಾ? ವೀಸಾವಾ?"

"ನನಗೆ ಮಗ ಇಲ್ಲ. ಇರುವವಳು ಮಗಳು ಫಿದಾ, ಅವಳು ಗಂಡನ ಮನೆಯಲ್ಲಿ ಆರಾಮ ಇದ್ದಾಳೆ." ಹಂಝ ಕೈಯ ಮಣ್ಣು ಒರೆಸಿಕೊಂಡ. "ಕಾಲೇಜಲ್ಲಿ ಫುಟ್ಬಾಲ್ ಪುನಃ ಶುರು ಮಾಡ್ತಾರಂತೆ ಅಂತ ಕೇಳಿದೆ. ಖುಷಿ ಆಯ್ತು. ನಾನೂ ಆಡಿದ್ದೇನಲ್ಲ."

ಆ ಮಾತಿನಲ್ಲಿ ಮುಳ್ಳು ಎಲ್ಲಿದೆಯೆಂದು ಭುಜಂಗ ಹುಡುಕಿದ. ಸಿಗಲಿಲ್ಲ. ಸಿಗದಿದ್ದದ್ದರಿಂದ ಸಂಶಯ ಮತ್ತೂ ಹೆಚ್ಚಾಯಿತು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಹೆಂಗಸಿನ ದನಿ ಕೇಳಿತು. "ಭುಜಂಗಾ, ಚಾ ಆಯ್ತು."

ಇಬ್ಬರೂ ತಿರುಗಿದರು.

ತಟ್ಟೆ ಹಿಡಿದು ಬಂದ ಹಂಝನ ಹೆಂಡತಿ ಝುಬೈದಾ ಹೊಸಬನನ್ನು ಕಂಡು ಸೆರಗು ತಲೆಗೆಳೆದುಕೊಂಡಳು. ಯಾರೆಂದು ಹಂಝ ಹೇಳಿದಾಗ ಮೊದಲು ಗಾಬರಿಯಾದಳು, ಆಮೇಲೆ ನಗು ತಡೆಯಲಾಗಲಿಲ್ಲ. "ಗಂಡನ ಹೆಸರು ಬಾಯಲ್ಲಿ ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಇವರಿಗೆ ಇನ್ನೊಂದು ಹೆಸರು ಇತ್ತು ಅಂತ ಮದುವೆ ಆದ ಮೇಲೆ ಗೊತ್ತಾಯ್ತು. ಅದನ್ನೇ ಕರೆದು ಕರೆದು ಮೂವತ್ತು ವರ್ಷ ಆಯ್ತು. ನಿಮಗೆ ಬೇಜಾರಿಲ್ಲ ಅಲ್ವಾ?"

ಭುಜಂಗ ಚಹಾ ತೆಗೆದುಕೊಂಡ. ಹಂಝ ಒಳಗಿನಿಂದ ಫೋಟೋ ತಂದು ಅವನ ಕೈಗಿತ್ತ. ಕಪ್ಪು ಬಿಳುಪಿನದು. ಬೆನ್ನಿನ ಮೇಲೆ ಒಂಬತ್ತು, ನೆಲ ಬಿಟ್ಟೆದ್ದ ಎಡಗಾಲು, ಮುಖ ಆಚೆಗೆ. ಹಿಂಬದಿಯಲ್ಲಿ ಕೊಸ್ಮಸ್ ಮಾಸ್ಟ್ರ ಅಕ್ಷರ: ಭುಜಂಗ, ಎಂಬತ್ತಮೂರನೇ ನಿಮಿಷ.

"ಮುಖ ಕಾಣುವುದು ಇನ್ನೊಂದು ಉಂಟು," ಎಂದ ಹಂಝ. "ಅದು ಉಂಟು ಅಂತ ಆ ಕೀತ್ ಹತ್ರ ಹೇಳ್ಲಿಲ್ಲ. ಬೆನ್ನು ಯಾರದ್ದಾದ್ರೆ ಎಂತ? ಆದ್ರೆ ಅವರು ಮೊನ್ನೆ ಫೋನ್ ಮಾಡಿ, ಲಿಸ್ಟಲ್ಲಿ ನಿಮ್ಮ ಹೆಸರಿಲ್ಲ, ಬರ್ಬೇಡಿ ಅಂದ್ರು. ಹೌದು, ಇಲ್ಲ ಅಂದೆ. ಯಾರು ಹೇಳಿದ್ದು ಅಂತ ಕೇಳ್ಲಿಲ್ಲ."

ಭುಜಂಗನಿಗೆ ನಾಚಿಕೆಯಾಯಿತು. ಮೂವತ್ತೈದು ವರ್ಷ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕುಡಿದದ್ದನ್ನು ಈ ಮನುಷ್ಯ ಅಷ್ಟೂ ದಿನ ಕಣ್ಣು ಬಿಟ್ಟು ನೋಡಿಕೊಂಡಿದ್ದ. ಕೇಳಬಾರದೆಂದುಕೊಂಡರೂ ಮಾತು ತಾನಾಗಿ ಬಂತು.

"ಹಂಝ, ಆ ಗೋಲು ಹೇಗೆ ಹೋದದ್ದು? ನಾನು ನೋಡ್ಲಿಲ್ಲ."

ಹಂಝ ಹೇಳಲು ಬಾಯಿ ತೆರೆದ, ಕೈಯಲ್ಲಿ ಏನೋ ತೋರಿಸಹೋದ, ನಿಲ್ಲಿಸಿದ. "ಹೇಳ್ಲಿಕ್ಕೆ ಬರುದಿಲ್ಲ ಭುಜಂಗಣ್ಣ. ಒದ್ದು ತೋರಿಸ್ಬೇಕಷ್ಟೆ."

ಮರಳಿ ಜಿಂಜ್‌ನ ಮನೆ ತಲುಪುವಷ್ಟರಲ್ಲಿ ನಾಚಿಕೆ ಆರಿ ಸಂಶಯ ಪುನಃ ಚಿಗುರಿತ್ತು. ಮುಖ ಕಾಣುವ ಫೋಟೋವನ್ನು ಅವನು ಇಷ್ಟು ವರ್ಷ ಇಟ್ಟುಕೊಂಡದ್ದು ಯಾಕೆ? ಉಂಟು ಎಂದು ತನ್ನ ಎದುರು ಹೇಳಿದ್ದು ಯಾಕೆ? ಗುರುವಾರವಿಡೀ ಭುಜಂಗ ಅದನ್ನೇ ಅಗಿದ. ಹಂಝ ಇಟ್ಟುಕೊಂಡದ್ದು ತನ್ನದೇ ಮುಖವನ್ನು, ಆ ಆಟ ತನ್ನದೆನ್ನಲು ಅವನ ಬಳಿ ಇರುವುದು ಅದೊಂದೇ ಎಂಬುದು ಹೊಳೆದದ್ದು ಶುಕ್ರವಾರ ಮಧ್ಯಾಹ್ನ, ಕನ್ನಡಿಯೆದುರು ಹೊಸ ಜೆರ್ಸಿ ಹಾಕಿಕೊಳ್ಳುವಾಗ. ಕೀತ್ ಹೊಲಿಸಿ ಕಳಿಸಿದ್ದ ಆ ಜೆರ್ಸಿಯ ಬೆನ್ನಿಗೆ ಒಂಬತ್ತಿತ್ತು. ಅವನು ಅದನ್ನು ಬಿಚ್ಚಿ ಮಡಚಿ, ಮಾಮೂಲಿ ಅಂಗಿ ಹಾಕಿಕೊಂಡ.

"ಪಪ್ಪಾ, ಅರಾದ್ ಆ ಕಡೆ," ಎಂದಳು ಅಶ್ಮಿತಾ ಕಾರಿನಲ್ಲಿ.

"ಗೊತ್ತುಂಟು. ಒಬ್ಬರನ್ನು ಕರ್ಕೊಳ್ಳಿಕ್ಕುಂಟು."

ಮೈದಾನದ ಬಾಗಿಲಲ್ಲಿ ಮೇಜು ಹಾಕಿ, ಎದೆಗೆ ಅಂಟಿಸುವ ಹೆಸರಿನ ಚೀಟಿಗಳನ್ನು ಸಾಲಾಗಿ ಇಟ್ಟಿದ್ದರು. ಆಚೆ ಪರದೆಯ ಮೇಲೆ ಪ್ರಿನ್ಸಿಪಾಲರು, ಅವರ ಹಿಂದೆ ಹೊಸ ತಂಡದ ಹುಡುಗರು ಕಾಯುತ್ತಿದ್ದರು. ಕೀತ್ ಹಂಝನನ್ನು ಮೇಲಿನಿಂದ ಕೆಳಗೆ ನೋಡಿದ.

"ಇವರು ಯಾರು ಸರ್?"

"ಎಂಬತ್ತೊಂಬತ್ತರ ಒಂಬತ್ತನೆ ನಂಬರ್."

"ಅದು ನೀವಲ್ವಾ?"

"ಹೆಸರು ನನ್ನದು," ಎಂದ ಭುಜಂಗ. "ಕಾಲು ಇವರದ್ದು."

ಕೀತ್ ನಗಲು ಹೊರಟವನು ಭುಜಂಗನ ಮುಖ ನೋಡಿ ನಿಲ್ಲಿಸಿದ. ಒಮ್ಮೆ ಪರದೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಸರ್, ಹಾಗಾದ್ರೆ ಕಪ್ಪು? ಅದೊಂದು ಕಥೆ ಹೇಳಿಯೇ ನಾನು ಇಷ್ಟು ಜನ ಸೇರಿಸಿದ್ದು."

"ಗೆದ್ದದ್ದು ಹೌದು. ಗೆದ್ದವರನ್ನು ಕರ್ಕೊಂಡು ಬಂದಿದ್ದೇನೆ. ಆ ಹುಡುಗರಿಗೆ ಯಾವ ಕಥೆ ಹೇಳುದು ಅಂತ ನೀನೇ ನೋಡು."

ಅಶ್ಮಿತಾ ತಂದೆಯನ್ನೂ ಹಂಝನನ್ನೂ ನೋಡಿದಳು. ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡದ್ದು ಭುಜಂಗನಿಗೆ ಕಂಡಿತು. ಅದಕ್ಕೇ ಅವನು ಇಷ್ಟು ದಿನ ಹೆದರಿದ್ದು. ಖಾಲಿ ಚೀಟಿಯೊಂದನ್ನು ತೆಗೆದು, ದಪ್ಪ ಪೆನ್ನಿನಲ್ಲಿ ಹಂಝ ಎಂದು ಬರೆದ. ಕೆಳಗೆ ಒಂಬತ್ತು ಎಂದು ಬರೆದ. ಹಂಝನ ಅಂಗಿಯ ಕಿಸೆಯ ಮೇಲೆ ಅಂಟಿಸಿ, ಏಳದ ಹಾಗೆ ಹೆಬ್ಬೆರಳಿನಿಂದ ಒತ್ತಿದ. ಹಂಝನ ಎದೆ ಅವನ ಬೆರಳಿನಡಿ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ನಿಮ್ಮ ಚೀಟಿ ಸರ್?" ಎಂದ ಕೀತ್.

"ನನಗೆ ಬೇಡ. ನಾನು ನೋಡ್ಲಿಕ್ಕೆ ಬಂದದ್ದು."

ಅವನು ಮೆಟ್ಟಿಲು ಹತ್ತಿ ಗೋಲಿಗೆ ನೇರವಾದ ಕಡೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಅಶ್ಮಿತಾ ಬಂದಳು. ಒಂದು ಕುರ್ಚಿ ನಡುವೆ ಬಿಟ್ಟು ಕೂತಳು.

ಕೆಳಗೆ ಹಂಝ ಚಪ್ಪಲಿ ಬಿಚ್ಚಿ ಗೆರೆಯಾಚೆ ಜೋಡಿಸಿಟ್ಟ. ಪ್ಯಾಂಟಿನ ಅಂಚನ್ನು ಎರಡು ಸುತ್ತು ಮಡಚಿದ. ಚೆಂಡಿನಿಂದ ಮೂರು ಹೆಜ್ಜೆ ಹಿಂದೆ ಸರಿದು, ಹಾಗೇ ನಿಂತು, ಮೇಲೆ ಕುರ್ಚಿಗಳ ಸಾಲಿನಲ್ಲಿ ಯಾರನ್ನೋ ಹುಡುಕಿದ.

ಭುಜಂಗ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಎರಡೂ ಗಾಜು ಒರೆಸಿ, ಹಾಕಿಕೊಂಡ. ಆಮೇಲೆ ತನ್ನನ್ನು ಕಾಯುತ್ತಿರುವ ಹಂಝನಿಗೆ ಕೈ ಎತ್ತಿ ತೋರಿಸಿದ.